ಆರು ಹತ್ತರ ಬಸ್ಸು: ಕಕ್ಕಬ್ಬೆ ರಸ್ತೆಯ ಒಬ್ಬ ಡಯಾಲಿಸಿಸ್ ರೋಗಿಯ ಪ್ರಕರಣ

ಡಯಾಲಿಸಿಸ್ ಘಟಕದ ಕಡತದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು: ‘ರೋಗಿಯ ಕೋರಿಕೆಯ ಮೇರೆಗೆ ಅವಧಿಗೆ ಮುನ್ನ ನಿಲ್ಲಿಸಲಾಗಿದೆ.’ ನಾಲ್ಕು ಗಂಟೆ ನಡೆಯಬೇಕಾದ ಚಿಕಿತ್ಸೆ ಒಂದು ದಿನ ಮೂರೇ ಗಂಟೆಯಲ್ಲಿ, ಇನ್ನೊಂದು ದಿನ ಎರಡೂವರೆ ಗಂಟೆಯಲ್ಲಿ ಮುಗಿದಿತ್ತು. ಓದಿದವರಿಗೆ ಯಾರೋ ಹಟಮಾರಿ ರೋಗಿ ಅನಿಸಬೇಕು. ವೈದ್ಯರಿಗೂ ಹಾಗೆಯೇ ಅನಿಸಿ ಗದರಿದ್ದರು. ಕೋರಿಕೆ ರೋಗಿಯದೇ, ಸುಳ್ಳಲ್ಲ. ಆದರೆ ಮಡಿಕೇರಿಯಿಂದ ಅವರ ಊರಿನ ಕಡೆಗೆ ಹೊರಡುವ ಕೊನೆಯ ಬಸ್ಸು ಸಂಜೆ ಆರು ಹತ್ತಕ್ಕೆ ಎಂಬ ಸಂಗತಿ ಆ ಕಡತದಲ್ಲಿ ಎಲ್ಲೂ ಇರಲಿಲ್ಲ.

ರೋಗಿಯ ಪತ್ನಿ ನಮ್ಮ ಸ್ವಸಹಾಯ ಸಂಘದ ಸದಸ್ಯೆ. ಸಂಘದಿಂದ ಸಾಲ ಕೇಳಲು ಬಂದಾಗ ಕಾರಣದ ಜಾಗದಲ್ಲಿ ‘ಆಟೋ ಬಾಡಿಗೆ’ ಎಂದು ಬರೆಸಿದರು. ಸಂಘದ ಲೆಕ್ಕ ಬರೆಯುವ ನನಗೆ ವಿಚಿತ್ರವೆನಿಸಿ ವಿಚಾರಿಸತೊಡಗಿದೆ. ಗುರುತು ಹತ್ತಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರೋಗಿಗೆ ಅರವತ್ತಮೂರು ವರ್ಷ. ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಚೆಕ್‌ರೋಲ್ ಎಂಬ ಕಾರ್ಮಿಕರ ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಕೊಯ್ಲಿನ ತೂಕ ಬರೆದು ನಿವೃತ್ತರಾದರು. ಊರಿನವರು ಈಗಲೂ ‘ರೈಟರೇ’ ಎಂದೇ ಕರೆಯುತ್ತಾರೆ. ಸಕ್ಕರೆ ಕಾಯಿಲೆ ಕೊನೆಗೆ ಮೂತ್ರಪಿಂಡಕ್ಕೆ ಇಳಿಯಿತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅವರ ಮನೆ ನಾಪೋಕ್ಲುವಿನಿಂದ ಕಕ್ಕಬ್ಬೆಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಕ್ಕೆ, ಏರುದಾರಿಯ ತುದಿಯಲ್ಲಿದೆ. ಅಲ್ಲಿಂದ ಮಡಿಕೇರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ವಿರಾಜಪೇಟೆಯ ಕಡೆ ಹೋದರೆ ಉಳಿತಾಯವಾಗುವ ದೂರ ಹೇಳಿಕೊಳ್ಳುವಷ್ಟಿಲ್ಲ. ಡಯಾಲಿಸಿಸ್‌ಗೆ ಜಾಗ ಸಿಕ್ಕಿದ್ದೂ ಮಡಿಕೇರಿಯಲ್ಲೇ.

ಚಿಕಿತ್ಸೆಗೆ ಅವರು ಹಣ ಕೊಡುತ್ತಿಲ್ಲ. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಇದು ಉಚಿತ. ಒಂದು ಕಾಲದಲ್ಲಿ ಕೊಡಗಿನವರು ಇದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕಿತ್ತು ಎಂಬುದನ್ನು ನೆನೆದರೆ ದೊಡ್ಡ ಉಪಕಾರವೇ ಆಗಿದೆ. ಆದರೆ ಯಂತ್ರ ಮಡಿಕೇರಿಗೆ ಬಂದಿತು, ರೋಗಿಯನ್ನು ಯಂತ್ರದ ಬಳಿಗೆ ತರುವುದು ಯಾರ ಕೆಲಸವೆಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ.

ಘಟಕದಲ್ಲಿ ದಿನಕ್ಕೆ ಮೂರು ಪಾಳಿ: ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ. ಹೊಸದಾಗಿ ಸೇರಿದವರಿಗೆ ಖಾಲಿ ಇರುವ ಪಾಳಿ, ಅಂದರೆ ಕೊನೆಯದು. ಮೂರಕ್ಕೆ ಸೂಜಿ ಚುಚ್ಚಿದರೆ ಏಳಕ್ಕೆ ಕಳಚಬೇಕು. ಆರು ಹತ್ತರ ಬಸ್ಸು ತಪ್ಪಿದರೆ ಮರುದಿನದವರೆಗೆ ಊರಿಗೆ ಬಸ್ಸಿಲ್ಲ. ರೈಟರ ಕೋರಿಕೆ ಹುಟ್ಟಿದ್ದು ಇಲ್ಲಿ.

ಶುಕ್ರವಾರದ್ದು ಇನ್ನೂ ಕಠಿಣ. ಆ ದಿನದ ಚಿಕಿತ್ಸೆಯ ನಂತರ ಶನಿವಾರ, ಭಾನುವಾರ ಬಿಡುವು. ವಾರದಲ್ಲೇ ಉದ್ದನೆಯ ಅಂತರ. ದೇಹದಲ್ಲಿ ನೀರೂ ಪೊಟ್ಯಾಸಿಯಮ್ಮೂ ಹೆಚ್ಚು ಸೇರುವುದು ಆಗಲೇ. ಆದ್ದರಿಂದ ಶುಕ್ರವಾರದ ಒಂದು ಗಂಟೆಯನ್ನೂ ಕಡಿತ ಮಾಡಬಾರದು ಎನ್ನುತ್ತಾರೆ ವೈದ್ಯರು. ಮಡಿಕೇರಿಯ ಸಂತೆಯೂ ಶುಕ್ರವಾರವೇ. ಸಂತೆಯ ಚೀಲ, ಕೋಳಿ, ತರಕಾರಿ ಮೂಟೆಗಳ ನಡುವೆ ಆರು ಹತ್ತರ ಬಸ್ಸಿನಲ್ಲಿ ಕೂರಲು ಸೀಟು ಬೇಕಾದರೆ ಐದೂವರೆಗೇ ನಿಲ್ದಾಣದಲ್ಲಿರಬೇಕು. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿದು ಕಾಲು ನಡುಗುವ ಮನುಷ್ಯ ನಿಂತುಕೊಂಡು ಒಂದೂವರೆ ಗಂಟೆ ತಿರುವುಗಳಲ್ಲಿ ಓಲಾಡಲಾರ. ಹೀಗಾಗಿ ಎಲ್ಲಕ್ಕಿಂತ ಪೂರ್ತಿಯಾಗಿ ನಡೆಯಬೇಕಾದ ದಿನವೇ ಚಿಕಿತ್ಸೆ ಎಲ್ಲಕ್ಕಿಂತ ಬೇಗ ಮುಗಿಯುತ್ತಿತ್ತು.

ವಾಹನ ಇಲ್ಲದ ಊರಲ್ಲ

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮೊದಲು ಮಾಡಿದ್ದು ಅವನ ವಯಸ್ಸಿನ ಯಾರಾದರೂ ಮಾಡುವ ಕೆಲಸ. ತನ್ನ ಮೊಬೈಲಿನಲ್ಲಿ ತಂದೆಯ ಊರನ್ನು ಹಾಕಿ ಕ್ಯಾಬ್ ಹುಡುಕಿದ. ಹತ್ತಿರದಲ್ಲಿ ವಾಹನಗಳಿಲ್ಲ ಎಂದು ಬಂತು. ಮರುದಿನವೂ ಹಾಗೇ ಬಂತು. ಮಡಿಕೇರಿಯಿಂದ ಮೈಸೂರಿಗೋ ವಿಮಾನ ನಿಲ್ದಾಣಕ್ಕೋ ಮುಂಗಡವಾಗಿ ಕಾರು ಗೊತ್ತುಮಾಡುವುದು ಬೇರೆ ಮಾತು. ಕಕ್ಕಬ್ಬೆ ರಸ್ತೆಯ ಒಳದಾರಿಗೆ ಈ ಕ್ಷಣ ಒಂದು ಗಾಡಿ ಕರೆಸುವುದು ಬೇರೆ.

ಇದರಲ್ಲಿ ಯಾರ ಸಂಚೂ ಇಲ್ಲ. ಆ್ಯಪ್‌ನ ಲೆಕ್ಕಾಚಾರ ನಿಂತಿರುವುದು ಜನದಟ್ಟಣೆಯ ಮೇಲೆ. ಒಬ್ಬರನ್ನು ಇಳಿಸಿದ ಜಾಗದ ಆಸುಪಾಸಿನಲ್ಲಿ ಇನ್ನೊಬ್ಬರು ಹತ್ತಲು ಸಿದ್ಧರಿರಬೇಕು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಕೊಡಗಿನಲ್ಲಿ 135. ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷದ ಚಿಲ್ಲರೆ, ಅದರಲ್ಲಿ ಪಟ್ಟಣವಾಸಿಗಳು ಶೇಕಡಾ 15ಕ್ಕಿಂತ ಕಡಿಮೆ. ರೈಲು ಹಳಿಯಂತೂ ಜಿಲ್ಲೆಯೊಳಗೆ ಇಲ್ಲ. ಚಾಲಕನಿಂದ ಕಮಿಷನ್ ಕೀಳದ ಆ್ಯಪ್ ಮಾದರಿ 2022ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಅದು ಬಂದರೆ ಸರಿಹೋದೀತು ಎಂದು ಮಗ ವಾದಿಸಿದ. ಕಮಿಷನ್ ಉಳಿದರೂ ಖಾಲಿ ಗಾಡಿಯ ಡೀಸೆಲ್ ಉಳಿಯುವುದಿಲ್ಲವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಕಕ್ಕಬ್ಬೆ ಕಡೆಗೆ ಬಂದವರು ಯಾರೂ ಅಲ್ಲಿ ವಾಹನವಿಲ್ಲ ಎನ್ನಲಾರರು. ತಡಿಯಂಡಮೋಳ್ ಬೆಟ್ಟ ಹತ್ತಲು, ನಾಲ್ಕುನಾಡು ಅರಮನೆ ನೋಡಲು ಬರುವವರಿಗಾಗಿ ಜೀಪುಗಳು ಸಾಲುಗಟ್ಟಿ ನಿಂತಿರುತ್ತವೆ. ಮಡಿಕೇರಿಯಲ್ಲಿ ಮಾಂದಲಪಟ್ಟಿಗೆ ಜೀಪು ಬೇಕೆಂದರೆ ಮಾತು ಮುಗಿಯುವ ಮೊದಲೇ ಬಾಗಿಲು ತೆರೆಯುತ್ತದೆ. ಹೋಂಸ್ಟೇ ಬಾಗಿಲಿನಿಂದ ಹೋಂಸ್ಟೇ ಬಾಗಿಲಿಗೆ ಕರೆದೊಯ್ಯುವ ಸೇವೆ ಜಿಲ್ಲೆಯಲ್ಲಿ ಚೆನ್ನಾಗಿಯೇ ಬೆಳೆದಿದೆ. ಅದು ಯಾರಿಗಾಗಿ, ಯಾವ ದಿನ ಎಂಬುದಷ್ಟೇ ಪ್ರಶ್ನೆ. ಶುಕ್ರವಾರ ಸಂಜೆ ಬೆಂಗಳೂರಿನ ಕಾರುಗಳು ಕುಶಾಲನಗರ ದಾಟಿ ಒಳಬರುತ್ತಿರುವಾಗ, ಏಳು ಗಂಟೆಗೆ ಡಯಾಲಿಸಿಸ್ ಮುಗಿಸಿದ ರೈಟರಿಗಾಗಿ ಜೀಪು ಕಾಯುವುದಿಲ್ಲ. ನಾನು ಜೀಪಿನವರನ್ನು ದೂರುತ್ತಿಲ್ಲ. ಸಾಲದ ಕಂತಿನ ಹಣ ಅವರಿಗೆ ಹುಟ್ಟುವುದು ವಾರಾಂತ್ಯದ ಆ ಎರಡು ದಿನಗಳಲ್ಲಿ.

ಆಟೋದ ಕಥೆಯೂ ಬೇರೆಯಲ್ಲ. ನಾಪೋಕ್ಲು ಸ್ಟ್ಯಾಂಡಿನ ಆಟೋ ಮಡಿಕೇರಿಗೆ ಬಾಡಿಗೆ ಹೋದರೆ, ಅಲ್ಲಿನ ಸ್ಟ್ಯಾಂಡಿನಲ್ಲಿ ನಿಂತು ವಾಪಸ್ ಜನ ಹತ್ತಿಸಿಕೊಳ್ಳುವಂತಿಲ್ಲ. ಅದು ಎಲ್ಲ ಪೇಟೆಗಳ ಅಲಿಖಿತ ಕಾನೂನು. ಹೀಗಾಗಿ ಹೇಳುವ ಬಾಡಿಗೆ ಯಾವಾಗಲೂ ಎರಡು ದಾರಿಯದ್ದು. ನಡುವೆ ನಾಲ್ಕು ಗಂಟೆ ಕಾಯುವುದಾದರೆ ಅದಕ್ಕೆ ಬೇರೆ. ಎಲ್ಲ ಸೇರಿ ಒಂದು ದಿನಕ್ಕೆ ಒಂದೂವರೆ ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳಿ. ವಾರಕ್ಕೆ ಮೂರು ಎಂದರೆ ವರ್ಷಕ್ಕೆ 156 ದಿನ, ಎರಡು ಲಕ್ಷದ ಮೂವತ್ತನಾಲ್ಕು ಸಾವಿರ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ ಸಾವಿರ ರೂಪಾಯಿ. ರೈಟರಿಗೆ ಬರುವುದು ಅದಕ್ಕಿಂತ ಸ್ವಲ್ಪ ಹೆಚ್ಚು. ಒಂದು ದಿನದ ಬಾಡಿಗೆಗೆ ಒಂದು ತಿಂಗಳ ಪಿಂಚಣಿ ಹೋಗುತ್ತದೆ.

ಒಂದೊಂದೇ ದಾರಿ ಮುಚ್ಚಿದ ಬಗೆ

ಮೊದಲ ತಿಂಗಳುಗಳಲ್ಲಿ ಪರಿಚಯದ ಆಟೋ ಚಾಲಕನೊಬ್ಬ ಕಡಿಮೆ ದರಕ್ಕೆ ಬರುತ್ತಿದ್ದ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಜೋರಾಯಿತು. ಬೆಳಿಗ್ಗೆ ಕಾರ್ಮಿಕರನ್ನು ತೋಟಕ್ಕೆ ಬಿಟ್ಟು ಸಂಜೆ ಅವರು ವಾಸಿಸುವ ಲೈನ್‌ಮನೆಗೆ ಮರಳಿಸುವ ಕೆಲಸ ಅವನಿಗೆ ಮಾರ್ಚ್‌ವರೆಗೂ ಸಿಕ್ಕಿತು. “ರೈಟರೇ, ನೀವೇ ಲೆಕ್ಕ ಬರೆದವರು, ನನ್ನ ಲೆಕ್ಕ ನಿಮಗೆ ಗೊತ್ತಾಗುತ್ತದೆ,” ಎಂದನಂತೆ. ರೈಟರಿಗೆ ಗೊತ್ತಾಯಿತು. ತಕರಾರು ಮಾಡಲಿಲ್ಲ.

ನಂತರ ನೆರೆಹೊರೆಯ ಕಾರು. ಊರಿನಲ್ಲಿ ಕಾರಿರುವ ಮನೆಗಳು ಕಡಿಮೆಯೇನಿಲ್ಲ, ಜನ ಒಳ್ಳೆಯವರೇ. ಆದರೆ ವಾರಕ್ಕೆ ಮೂರು ಸಲ ಎಂದರೆ ಉಪಕಾರದ ಅಳತೆ ಮೀರುತ್ತದೆ. ಹಣ ಕೊಡೋಣವೆಂದರೆ ಅದು ಬಿಳಿ ಬೋರ್ಡಿನ ಗಾಡಿ. ಪರ್ಮಿಟ್ ಇಲ್ಲದ ಖಾಸಗಿ ವಾಹನದಲ್ಲಿ ಬಾಡಿಗೆ ಪಡೆದು ಜನರನ್ನು ಸಾಗಿಸುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಹಣ ಕೊಡದೆ ಹೋಗಲು ರೈಟರ ಪತ್ನಿಗೆ ಮುಜುಗರ. ಕಾರಿನವರ ಮನೆಗೆ ಅವರು ಹಲಸಿನಕಾಯಿ, ಕಿತ್ತಳೆ, ಮೊಟ್ಟೆ ಹೊತ್ತು ಹಾಕುತ್ತಿದ್ದರು. ಕೊನೆಗೆ ಆ ಮನೆಯ ಮುಂದೆ ನಡೆಯುವುದನ್ನೇ ತಪ್ಪಿಸತೊಡಗಿದರು.

108ಕ್ಕೂ ಒಮ್ಮೆ ಕರೆ ಮಾಡಿದ್ದರು. ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. 2008ರಲ್ಲಿ ಶುರುವಾದ ಆ ಸೇವೆ ತುರ್ತು ಸಂದರ್ಭಕ್ಕೆ. ನಿಗದಿತ ಡಯಾಲಿಸಿಸ್‌ಗೆ ಆಂಬುಲೆನ್ಸ್ ಹೋದರೆ ಅದೇ ಹೊತ್ತಿನಲ್ಲಿ ಹಾವು ಕಚ್ಚಿದವನಿಗೆ ಗಾಡಿ ಇರುವುದಿಲ್ಲ. ಹೆರಿಗೆಯಾದ ತಾಯಿ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಬಿಡಲು ಮಾತ್ರ ಸರ್ಕಾರವೇ ‘ನಗು-ಮಗು’ ವಾಹನ ಇಟ್ಟಿದೆ. ತುರ್ತಲ್ಲದ ಪ್ರಯಾಣವೂ ಚಿಕಿತ್ಸೆಯ ಭಾಗ ಎಂದು ಸರ್ಕಾರ ಒಂದು ಕಡೆಯಾದರೂ ಒಪ್ಪಿಕೊಂಡಿದೆ ಎಂದಾಯಿತು. ಡಯಾಲಿಸಿಸ್ ರೋಗಿಯ ವಿಷಯದಲ್ಲಿ ಅದೇ ಯೋಚನೆಯನ್ನು ಮುಂದುವರಿಸಲು ಏನಡ್ಡಿ ಎಂದು ನನಗೆ ತಿಳಿಯುತ್ತಿಲ್ಲ. ಇವರು ಬರುವ ದಿನ, ಹೊತ್ತು, ದಾರಿ ಎಲ್ಲವೂ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಹೆರಿಗೆಯಂತೆ ದಿನ ಹಿಂದುಮುಂದಾಗುವ ಮಾತೇ ಇಲ್ಲ.

ಶಕ್ತಿ ಯೋಜನೆಯ ಮಾತನ್ನೂ ಕೆಲವರು ಎತ್ತಿದರು. 2023ರ ಜೂನ್ 11ರಿಂದ ಮಹಿಳೆಯರಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಜೊತೆಗೆ ಹೋಗುವ ಪತ್ನಿಯ ಖರ್ಚಾದರೂ ಉಳಿಯಬೇಕಿತ್ತು. ಆದರೆ ಕೊಡಗಿನ ಒಳರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅವರ ದಾರಿಯಲ್ಲೂ ಅಷ್ಟೇ. ಇಬ್ಬರ ಟಿಕೆಟ್ಟನ್ನೂ ತೆಗೆಯಬೇಕು.

ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ವೈದ್ಯರು ಹೇಳಿದ್ದರು. ಹೊಟ್ಟೆಯೊಳಗೆ ಕೊಳವೆಯ ಮೂಲಕ ದ್ರಾವಣ ತುಂಬಿ ತೆಗೆಯುವ ವಿಧಾನ ಅದು. ಪ್ರಯಾಣದ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ದಿನಕ್ಕೆ ಹಲವು ಸಲ, ಪ್ರತಿ ಸಲವೂ ಸೋಂಕು ತಗಲದಷ್ಟು ಶುಚಿಯಾಗಿ ಮಾಡಬೇಕು. ಮಳೆಗಾಲದಲ್ಲಿ ಗೋಡೆಯೇ ಬೂಷ್ಟು ಹಿಡಿಯುವ ಮನೆಯಲ್ಲಿ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮನುಷ್ಯ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ಉಳಿದದ್ದು ಮಡಿಕೇರಿಯಲ್ಲೇ ರಾತ್ರಿ ತಂಗುವುದು. ದೂರದ ನೆಂಟರ ಮನೆಯಲ್ಲಿ ಕೆಲವು ರಾತ್ರಿ ಕಳೆದರು. ವಾರಾಂತ್ಯದ ಲಾಡ್ಜ್ ದರ ಕೇಳಿ ಶುಕ್ರವಾರದ ಮಟ್ಟಿಗೆ ಆ ಯೋಚನೆ ಬಿಟ್ಟರು. ಆಮೇಲಿನದ್ದು ಕಡತದಲ್ಲಿದೆ: ಅವಧಿಗೆ ಮುನ್ನ ನಿಲ್ಲಿಸಲಾಗಿದೆ. ಒಂದು ಭಾನುವಾರ ಬೆಳಗಿನ ಜಾವ ಉಸಿರು ಕಟ್ಟಿತು. ಆಗ 108 ಬಂತು, ಬೇಗನೇ ಬಂತು. ಶ್ವಾಸಕೋಶಕ್ಕೆ ನೀರು ತುಂಬಿತ್ತು. ಬದುಕಿಕೊಂಡರು.

ಪಾಳಿ ಬದಲಾದದ್ದು

ನಾವು ಸಂಘದವರು ಕುಳಿತು ಮಾತಾಡಿದಾಗ ಎಲ್ಲರ ಬಾಯಲ್ಲೂ ಗಾಡಿಯದ್ದೇ ಮಾತು. ಸಂಘದಿಂದಲೇ ಒಂದು ಓಮ್ನಿ ತೆಗೆದುಕೊಂಡರೆ? ಶಾಸಕರಿಗೆ ಮನವಿ ಕೊಟ್ಟರೆ? ದಾನಿಗಳನ್ನು ಹಿಡಿದರೆ? ಗಾಡಿ ಕೊಡಿಸುವ ದಾನಿ ಸಿಗುತ್ತಾನೆ, ಫೋಟೋ ಇರುತ್ತದಲ್ಲ. ಟೈರು, ಡೀಸೆಲ್ಲು, ಚಾಲಕನ ಸಂಬಳ ಕೊಡುವ ದಾನಿಯನ್ನು ನಾನಿನ್ನೂ ನೋಡಿಲ್ಲ.

ದಾರಿ ತೋರಿಸಿದ್ದು ಘಟಕದ ಒಬ್ಬ ನರ್ಸ್. ಆಕೆ ಪಾಳಿಯ ಪಟ್ಟಿಯನ್ನು ನಮ್ಮ ಮುಂದೆ ಇಟ್ಟು ಬೆರಳಿಟ್ಟು ತೋರಿಸಿದರು. ಹನ್ನೊಂದರ ಪಾಳಿಯಲ್ಲಿದ್ದವರಲ್ಲಿ ಇಬ್ಬರು ಮಡಿಕೇರಿ ಪೇಟೆಯವರೇ, ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಮೂರರ ಪಾಳಿಯಲ್ಲಿದ್ದವರಲ್ಲಿ ಇಬ್ಬರು ದೂರದವರು: ರೈಟರು ಮತ್ತು ಅದೇ ರಸ್ತೆಯಲ್ಲಿ ಇನ್ನೂ ಮುಂದಿನ ಊರಿನ ಒಬ್ಬ ತೋಟ ಕಾರ್ಮಿಕ ಮಹಿಳೆ. ಈ ಇಬ್ಬರಿಗೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿತ್ತು, ಒಂದೇ ಬಸ್ಸಿಗೆ ಓಡುತ್ತಿದ್ದರಲ್ಲ. ಗೊತ್ತಿಲ್ಲದಿದ್ದದ್ದು ಪಟ್ಟಿಗೆ. ಹೆಸರು, ವಯಸ್ಸು, ರಕ್ತದ ಗುಂಪು, ಕಾರ್ಡಿನ ಸಂಖ್ಯೆಗೆಲ್ಲ ಅಂಕಣವಿತ್ತು; ಮನೆಗೆ ಹೇಗೆ ಹೋಗುತ್ತಾರೆ ಎಂಬುದಕ್ಕೆ ಇರಲಿಲ್ಲ.

ಪೇಟೆಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಅವರೂ ರೋಗಿಗಳೇ, ತಮ್ಮ ಹೊತ್ತಿಗೆ ಒಗ್ಗಿಕೊಂಡವರು. ಒಬ್ಬರು ತಕ್ಷಣ ಒಪ್ಪಿದರು. ಇನ್ನೊಬ್ಬರ ಸೊಸೆ ಶಾಲೆಯಲ್ಲಿ ಕೆಲಸ ಮಾಡುವವರು, ಸಂಜೆಯ ಪಾಳಿಯಾದರೆ ತಾನೇ ಕರೆತರಬಹುದೆಂದು ಕೆಲವು ದಿನಗಳ ನಂತರ ಅವರೇ ಫೋನ್ ಮಾಡಿದರು. ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಈಗ ರೈಟರದ್ದು ಹನ್ನೊಂದರಿಂದ ಮೂರು. ನಾಲ್ಕು ಗಂಟೆಯ ಬಸ್ಸು ಸಿಗುತ್ತದೆ, ಸೀಟೂ ಸಿಗುತ್ತದೆ.

ಉಳಿದದ್ದು ಬಸ್ಸಿಳಿದ ಮೇಲಿನ ಎರಡು ಕಿಲೋಮೀಟರ್. ನನ್ನ ಮಟ್ಟಿಗೆ ಇಡೀ ಪ್ರಕರಣದ ಕಗ್ಗಂಟು ಇದೇ. ಮೂವತ್ತು ಕಿಲೋಮೀಟರಿಗೆ ಬಸ್ಸಾದರೂ ಇದೆ. ಈ ಎರಡಕ್ಕೆ ಏನೂ ಇಲ್ಲ. ಏರುದಾರಿ, ಒಂದು ಕಡೆ ತೋಟ, ಒಂದು ಕಡೆ ಕಾಡು, ಕತ್ತಲಾದರೆ ಆನೆಯ ಭಯ. ಕೊನೆಯ ಬಸ್ಸಿನಲ್ಲಿ ಬಂದ ದಿನಗಳಲ್ಲಿ ರೈಟರು ದಾರಿಬದಿಯ ಅಂಗಡಿಯಲ್ಲಿ ಕುಳಿತು, ಆ ಕಡೆಗೆ ಹೋಗುವ ಯಾವುದಾದರೂ ಪಿಕ್‌ಅಪ್ಪಿಗೆ ಕಾಯುತ್ತಿದ್ದರು. ಐದೂವರೆಯ ಬೆಳಕಿನಲ್ಲಿ ಇಳಿಯುವಂತಾದ ಮೇಲೆ ಇದೂ ಹಗುರವಾಯಿತು. ಅದೇ ಹೊತ್ತಿಗೆ ಶಾಲೆಯ ಮಕ್ಕಳನ್ನು ಬಿಡಲು ಒಳದಾರಿಗೆ ಬರುವ ಆಟೋದವನ ಜೊತೆ ತಿಂಗಳ ಲೆಕ್ಕಕ್ಕೆ ಮಾತಾಡಿದೆವು. ಅವನು ಹೇಗೂ ಬರುವವನು, ಖಾಲಿ ವಾಪಸ್ಸಿನ ಹಣ ಕೇಳಲಿಲ್ಲ.

ಮಳೆಗಾಲ

ಜೂನ್‌ನಿಂದ ಈ ಏರ್ಪಾಟು ಅಲ್ಲಾಡುತ್ತದೆ. ಕಾವೇರಿ ಉಕ್ಕಿದರೆ ನಾಪೋಕ್ಲು–ಮೂರ್ನಾಡು ರಸ್ತೆ ಬೊಳಿಬಾಣೆಯ ಬಳಿ ಮುಳುಗುತ್ತದೆ. ಮರ ಬಿದ್ದು ವಿದ್ಯುತ್ ಹೋದರೆ ಮೊಬೈಲ್ ಗೋಪುರದ ಬ್ಯಾಟರಿ ಸಾಯುತ್ತದೆ, ಆಗ ಯಾರನ್ನೂ ಕರೆಯಲಾಗದು. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಥ ದಿನಗಳಿಗೆ ಬಳಸು ದಾರಿಯಲ್ಲಿ ಹೋಗಬಲ್ಲ ಜೀಪೇ ಬೇಕು.

ಇಲ್ಲಿ ಪ್ರವಾಸಿಗರ ಜೀಪು ನೆರವಿಗೆ ಬಂತು. ಮಳೆಗಾಲದಲ್ಲಿ ಬೆಟ್ಟ ಹತ್ತುವವರು ಕಡಿಮೆ, ವಾರದ ನಡುವಿನ ದಿನಗಳಲ್ಲಿ ಜೀಪಿನವರು ಮನೆಯಲ್ಲೇ ಇರುತ್ತಾರೆ. ರೈಟರು, ಆ ಕಾರ್ಮಿಕ ಮಹಿಳೆ, ನಾಪೋಕ್ಲುವಿನ ಇನ್ನೊಬ್ಬ ರೋಗಿ, ಮೂವರೂ ಸೇರಿ ಹಳದಿ ಬೋರ್ಡಿನ ಒಂದು ಜೀಪನ್ನು ದಿನದ ಬಾಡಿಗೆಗೆ ಗೊತ್ತುಮಾಡಿದರು. ಪೊಲೀಸರು ಹಿಡಿದರೆ ಎಂಬ ಅಂಜಿಕೆ ಚಾಲಕನಿಗಿತ್ತು. ಕಾಯ್ದೆ ಹೇಳುವುದು ಇಷ್ಟು: ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಮೊದಲೇ ಗೊತ್ತುಮಾಡಿಕೊಂಡು, ಆ ಒಪ್ಪಂದದವರನ್ನಷ್ಟೇ ಕರೆದೊಯ್ದರೆ ತಪ್ಪಿಲ್ಲ, ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಂಡು ತಲೆಗಿಷ್ಟೆಂದು ವಸೂಲಿ ಮಾಡಿದರೆ ಅದು ಬಸ್ಸಿನ ಕೆಲಸ, ಅದಕ್ಕೆ ಬೇರೆಯದೇ ಪರ್ಮಿಟ್ ಬೇಕು. ಮೂವರ ಹೆಸರು, ದಿನ, ದಾರಿ ಬರೆದ ಒಂದು ಕಾಗದವನ್ನು ಸಂಘದಿಂದ ಮಾಡಿಕೊಟ್ಟೆವು. ಚಾಲಕ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಗಾಜಿನ ಹಿಂದೆ ಸಿಕ್ಕಿಸಿಕೊಂಡಿದ್ದಾನೆ. ಹಣವನ್ನು ಮೂವರೂ ಸಮವಾಗಿ ಹಂಚಿಕೊಳ್ಳಲಾಗಲಿಲ್ಲ. ಕಾರ್ಮಿಕ ಮಹಿಳೆಯ ಪಾಲಿನಲ್ಲಿ ಅರ್ಧವನ್ನು ಸಂಘ ಭರಿಸುತ್ತಿದೆ, ಎಷ್ಟು ದಿನ ಎಂಬ ಬಗ್ಗೆ ಸಂಘದೊಳಗೆ ಜಗಳವಿದೆ.

ಇನ್ನೂ ಸರಿಹೋಗದ್ದು ಬೆಳಗಿನ ಕಾಯುವಿಕೆ. ಊರಿನ ಮೊದಲ ಬಸ್ಸು ಆರೂಮುಕ್ಕಾಲಕ್ಕೆ. ಅದು ಮಡಿಕೇರಿ ಮುಟ್ಟುವಾಗ ಎಂಟೂವರೆ. ಹನ್ನೊಂದರವರೆಗೆ ರೈಟರು ಆಸ್ಪತ್ರೆಯ ಬೆಂಚಿನ ಮೇಲೆ. ಹಿಂದೆ ಒಂಬತ್ತು ಗಂಟೆಗೆ ಇನ್ನೊಂದು ಬಸ್ಸಿತ್ತು, ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಓಡಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿ ತೆಗೆದ ವೇಳಾಪಟ್ಟಿಯಲ್ಲಿ ಆ ಟ್ರಿಪ್ ಇನ್ನೂ ಇದೆ. ಕಾಗದದ ಮೇಲೆ ದಿನವೂ ಓಡುತ್ತಿದೆ. ಪರ್ಮಿಟ್‌ನಲ್ಲಿರುವ ಟ್ರಿಪ್ ಓಡಿಸದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಪ್ರಾಧಿಕಾರ ಕ್ರಮ ಕೈಗೊಳ್ಳಬಹುದು. ಅರ್ಜಿ ಬರೆದಿಟ್ಟಿದ್ದೇವೆ, ಕೊಟ್ಟಿಲ್ಲ. ಏಕೆಂದರೆ ಮಾಲೀಕನ ಪರ್ಮಿಟ್ ರದ್ದಾದರೆ ಆರೂಮುಕ್ಕಾಲರ ಬಸ್ಸೂ ಹೋಗುತ್ತದೆ.

ಬದಲಿಗೆ ಮಾಲೀಕರ ಬಳಿಗೇ ಹೋದೆವು. ಅವರು ನಮ್ಮ ಮುಂದೆಯೇ ಡೀಸೆಲ್ ಲೆಕ್ಕ ಹಾಕಿ ತೋರಿಸಿದರು. ಒಂಬತ್ತರ ಬಸ್ಸಿಗೆ ಶಾಲೆಯವರಿಲ್ಲ, ಕಚೇರಿಯವರಿಲ್ಲ, ಯುವಕರೆಲ್ಲ ಬೈಕಿನಲ್ಲಿ ಹೋಗುತ್ತಾರೆ. “ಅಕ್ಕ, ನಾಲ್ಕು ಜನರನ್ನು ಕೂರಿಸಿಕೊಂಡು ದಿನಾ ಹೇಗೆ ಹೋಗಲಿ?” ಎಂದರು. ಶುಕ್ರವಾರ ಸಂತೆಗೆ ಹೋಗುವವರಿದ್ದಾರಲ್ಲ ಎಂದೆ. ಸ್ವಲ್ಪ ಯೋಚಿಸಿ, ಶುಕ್ರವಾರ ಒಂದು ದಿನ ಓಡಿಸಿ ನೋಡುತ್ತೇನೆ ಎಂದು ಒಪ್ಪಿದರು. ಹೋದ ತಿಂಗಳಿನಿಂದ ಶುಕ್ರವಾರ ಒಂಬತ್ತಕ್ಕೆ ಬಸ್ಸಿದೆ. ಸೋಮವಾರ, ಬುಧವಾರ ಇನ್ನೂ ಇಲ್ಲ.